ಸಣ್ಣ ಉರಿಯ ಭಾನುವಾರ



ಭಾನುವಾರ ಹನ್ನೊಂದು ಗಂಟೆಯ ಹೊತ್ತಿಗೆ ಡೊಂಬಿವಲಿ ಪೂರ್ವದ ಯಾವುದಾದರೊಂದು ಹಳೆಯ ಕಟ್ಟಡದ ಮೆಟ್ಟಿಲು ಹತ್ತಿ ನೋಡಿ. ಲಿಫ್ಟ್ ಇಲ್ಲದ ಕಟ್ಟಡವಾದರೆ ಇನ್ನೂ ಒಳ್ಳೆಯದು, ಮೂಗಿಗೆ ಪುರುಸೊತ್ತು ಸಿಗುತ್ತದೆ. ಕೆಳಗಿನ ಮನೆ ಮಾಲ್ವಣದವರದು. ಅಲ್ಲಿ ಒಣಕೊಬ್ಬರಿ, ಈರುಳ್ಳಿ ಕೆಂಪಗೆ ಹುರಿಯುತ್ತಿದೆ. ಮೊದಲನೇ ಮಾಳಿಗೆಯ ಆಗ್ರಿ ಮನೆಯಲ್ಲಿ ಬೇಸಿಗೆಯಲ್ಲಿ ಕುಟ್ಟಿಸಿಟ್ಟ ಮಸಾಲೆಯ ಡಬ್ಬಿ ತೆರೆದಿದೆ. ಎರಡನೇ ಮಾಳಿಗೆಗೆ ಬಂದರೆ ತೆಂಗಿನೆಣ್ಣೆಯಲ್ಲಿ ಬ್ಯಾಡಗಿ ಮೆಣಸು ಹುರಿಯುವ ಘಾಟು, ಒಳಗಿನಿಂದ ಒಂದೆರಡು ಸೀನು. ಅದು ನಮ್ಮವರ ಮನೆ. ಕುಂದಾಪುರದವರೋ, ಉಡುಪಿಯವರೋ, ಕಾರ್ಕಳದವರೋ, ಬಾಗಿಲ ಮೇಲಿನ ಹೆಸರು ಓದದೆಯೂ ಅಷ್ಟು ಹೇಳಿಬಿಡಬಹುದು.

ಆ ಮನೆಯ ಒಲೆಯ ಮೇಲಿರುವ ಕೋಳಿ ಸಾರಿನ ಬಗ್ಗೆ ಇವತ್ತು ನಾಲ್ಕು ಮಾತು. ವಾರದ ಉಳಿದ ದಿನಗಳಲ್ಲಿ ಈ ಸಾರು ನಮ್ಮಲ್ಲಿ ಆಗುವ ಮಾತಲ್ಲ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಫಾಸ್ಟ್ ಲೋಕಲ್ ಹಿಡಿದರೂ ಒಂದು ಗಂಟೆಗೆ ಮಿಕ್ಕಿದ ದಾರಿ. ಕಲ್ಯಾಣದವರಿಗೆ ಅದಕ್ಕಿಂತ ಹೆಚ್ಚು. 1854ರಲ್ಲಿ ಕಲ್ಯಾಣದವರೆಗೆ ರೈಲು ಬಂದಾಗ, ಮುಂದೊಂದು ದಿನ ಇಲ್ಲಿನವರ ಅಡುಗೆಯ ಹೊತ್ತನ್ನೆಲ್ಲ ಇದೇ ನುಂಗುತ್ತದೆ ಎಂದು ಯಾರು ಎಣಿಸಿದ್ದರು! ರಾತ್ರಿ ಎಂಟೂವರೆಗೆ ಮನೆ ಮುಟ್ಟಿದವರು ಕುಕ್ಕರ್ ಇಡುತ್ತಾರೆ, ಮೂರು ಸೀಟಿ ಎಣಿಸುತ್ತಾರೆ, ಉಣ್ಣುತ್ತಾರೆ. ಭಾನುವಾರ ಮಾತ್ರ ಬೇರೆ. ಆ ದಿನ ಮಧ್ಯ ರೈಲ್ವೆಯವರೇ ಹಳಿ ದುರಸ್ತಿಗೆಂದು ಮೆಗಾಬ್ಲಾಕ್ ಹಾಕಿ ನಮ್ಮನ್ನು ಮನೆಯಲ್ಲಿ ಕೂರಿಸುತ್ತಾರೆ. ನೆಂಟರ ಮನೆಗೆ ಹೋಗಲಾಗದಿರುವುದಕ್ಕೆ ಅದು ಸಭ್ಯವಾದ ಕಾರಣ, ಸಾರು ಕುದಿಸುವುದಕ್ಕೆ ಇನ್ನೂ ಒಳ್ಳೆಯ ಕಾರಣ.

ಆದರೆ ನನ್ನದೊಂದು ತಕರಾರಿದೆ. ಕೋಳಿ ಸಾರನ್ನು ಸಣ್ಣ ಉರಿಯಲ್ಲಿ ತುಂಬ ಹೊತ್ತು ಬೇಯಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಬೇಯಬೇಕಾದ್ದು ಕೋಳಿಯೋ, ಮಸಾಲೆಯೋ ಎಂದು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಊರಲ್ಲಿ ಈ ಪ್ರಶ್ನೆ ಏಳುತ್ತಿರಲಿಲ್ಲ, ಏಕೆಂದರೆ ಅಲ್ಲಿ ಎರಡಕ್ಕೂ ಒಂದೇ ಹೊತ್ತು ಹಿಡಿಯುತ್ತಿತ್ತು. ಹಿತ್ತಲಲ್ಲಿ ಓಡಾಡಿ, ಗೊಬ್ಬರದ ಗುಂಡಿ ಕೆದಕಿ, ವರ್ಷ ತುಂಬಿದ ಊರ ಕೋಳಿ. ಅದರ ಕಾಲಿನಲ್ಲಿ, ಚರ್ಮದಲ್ಲಿ, ಗಂಟುಗಳಲ್ಲಿ ಕೊಲ್ಯಾಜನ್ ಎಂಬ ಗಟ್ಟಿ ನಾರು ತುಂಬಿರುತ್ತದೆ. ನೀರಿನಲ್ಲಿ, 70 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿಯಲ್ಲಿ, ಅದು ತಾಳ್ಮೆಯಿಂದ ಕರಗಿ ಜೆಲಟಿನ್ ಆಗುತ್ತದೆ. ಸಾರು ತುಟಿಗೆ ಅಂಟುವಂತಾಗುವುದು ಅದರಿಂದ. ಒಂದೂವರೆ ಗಂಟೆ, ಕೆಲವೊಮ್ಮೆ ಎರಡು ಗಂಟೆ ಬೇಕು. ಅಷ್ಟು ಹೊತ್ತಿಗೆ ಮಸಾಲೆಯೂ ತಾನಾಗಿ ಬೆಂದು, ಎಣ್ಣೆ ಮೇಲೆ ತೇಲಿ ಬರುತ್ತದೆ.

ಈಗ ನಮ್ಮ ಕೈಚೀಲಕ್ಕೆ ಬೀಳುವ ಕೋಳಿ ಯಾವುದು? ಆರು ವಾರದ, ಎರಡು ಕಿಲೋ ಆಸುಪಾಸಿನ ಬ್ರಾಯ್ಲರ್. 1971ರಲ್ಲಿ ಡಾ. ಬಿ. ವಿ. ರಾವ್ ಅವರು ಹುಟ್ಟುಹಾಕಿದ ವೆಂಕಟೇಶ್ವರ ಹ್ಯಾಚರೀಸ್ ಪುಣೆಯಲ್ಲಿ ಬೇರೂರಿದ ಮೇಲೆ ಸಾಕಣೆ ಕೋಳಿ ಮಹಾರಾಷ್ಟ್ರದ ಮೂಲೆಮೂಲೆಯ ಅಂಗಡಿಗೆ ಬಂತು. ವರ್ಷಕ್ಕೆರಡು ಸಲ ಕೋಳಿ ಕಾಣುತ್ತಿದ್ದ ಮನೆಗಳಲ್ಲಿ ವಾರವಾರ ಸಾರಾಯಿತು. ಅದನ್ನು ನಾನು ಹಳಿಯುವುದಿಲ್ಲ. ಆದರೆ ಓಡಾಡದೆ ಬೆಳೆದ ಆ ಎಳೆಯ ಮೈಯಲ್ಲಿ ಕರಗುವ ನಾರೇ ಕಡಿಮೆ. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೆ ಅದು ಬೆಂದಾಯಿತು. ಅಜ್ಜಿಯ ಲೆಕ್ಕ ಹಿಡಿದು ಒಂದೂವರೆ ಗಂಟೆ ಕುದಿಸಿದರೆ ಎದೆಯ ತುಂಡು ಮರದ ಪುಡಿಯಾಗುತ್ತದೆ, ಕಾಲಿನ ಮೂಳೆ ಪಾತ್ರೆಯ ತಳದಲ್ಲಿ ಬೇರೆ ಸಿಗುತ್ತದೆ. ಹಾಗಂತ ಇಪ್ಪತ್ತೈದು ನಿಮಿಷಕ್ಕೆ ಇಳಿಸಿದರೋ, ಮಸಾಲೆ ಹಸಿ. ಮನೆಯ ಕೋಳಿ ಸಾರು ಈ ಊರುಗಳಲ್ಲಿ ಸೋಲುವುದು ಇಲ್ಲಿಯೇ.

ನನ್ನ ಅತ್ತೆ ಕುಂದಾಪುರದಿಂದ ಫೋನಿನಲ್ಲಿ ಇದನ್ನೇ ಒಂದು ಸಾಲಿನಲ್ಲಿ ಹೇಳುತ್ತಿದ್ದರು: “ಕೋಳಿ ಬೆಂದ್ರ್ ಆಯ್ತಾ ಹೆಣೆ? ಮಸಾಲಿ ಬೇಯುದ್ ಬ್ಯಾಡ್ದಾ?”

ಅಂದರೆ ಈ ಎರಡು ಕೆಲಸಗಳನ್ನು ಈಗ ಬೇರೆ ಮಾಡಬೇಕು. ಸಣ್ಣ ಉರಿಯ ಹೊತ್ತೆಲ್ಲ ಮಸಾಲೆಗೆ, ಕೋಳಿಗೆ ಕೊನೆಯ ಅರ್ಧ ಗಂಟೆ. ನಾನು ಹೇಳಬೇಕೆಂದು ಬಂದದ್ದು ಇಷ್ಟೇ, ಉಳಿದದ್ದು ವಿವರ. ಆದರೆ ಅಡುಗೆಯಲ್ಲಿ ರುಚಿ ಇರುವುದೇ ವಿವರದಲ್ಲಿ, ಆದ್ದರಿಂದ ಕೂತಲ್ಲಿಂದ ಏಳಬೇಡಿ.

ಒಂದು ಕಿಲೋ ಕೋಳಿಗೆ ಬ್ಯಾಡಗಿ ಮೆಣಸು, ನಮ್ಮವರು ಉದ್ದ ಮೆಣಸು ಎನ್ನುವುದು, ಹದಿನೈದರಿಂದ ಹದಿನೆಂಟು. ಖಾರ ಬೇಕೆನ್ನುವವರು ಗಿಡ್ಡ ಮೆಣಸು ನಾಲ್ಕೈದು ಸೇರಿಸಿಕೊಳ್ಳಿ. ಬ್ಯಾಡಗಿಯದು ಬಣ್ಣದ ಕೆಲಸ, ಗಿಡ್ಡದ್ದು ಖಾರದ ಕೆಲಸ. ಹಾವೇರಿ ಜಿಲ್ಲೆಯ ಬ್ಯಾಡಗಿ ಎಂಬ ಊರಿನ ಆ ಮೆಣಸಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ಆದರೆ ಇಲ್ಲಿನ ಮರಾಠಿ ಗೃಹಿಣಿಯರು ಅದಕ್ಕೆ ಎಷ್ಟೋ ಕಾಲ ಮೊದಲೇ ಮಾನ್ಯತೆ ಕೊಟ್ಟಾಗಿತ್ತು. ವಾಶಿಯ ಎಪಿಎಂಸಿಯ ಮಸಾಲೆ ಮಾರುಕಟ್ಟೆಯಲ್ಲಿ ಬೇಡ್ಗಿ ಎಂದು ಕೇಳಿದರೆ ಸುಕ್ಕುಸುಕ್ಕಾದ ಆ ಮೆಣಸನ್ನೇ ತೋರಿಸುತ್ತಾರೆ. ಪಕ್ಕದ ಗೋಣಿಯಲ್ಲಿ ಸಂಕೇಶ್ವರಿ ಇರುತ್ತದೆ, ಅದೂ ನಮ್ಮ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹೆಸರು ಹೊತ್ತದ್ದು. ಏಪ್ರಿಲ್, ಮೇ ತಿಂಗಳಲ್ಲಿ ಕಲ್ಯಾಣ, ಡೊಂಬಿವಲಿಯ ಮಸಾಲೆ ಕುಟ್ಟುವ ಕಾಂಡಪ್ ಅಂಗಡಿಗಳ ಮುಂದೆ ಡಬ್ಬಿ ಹಿಡಿದು ಸಾಲು ನಿಲ್ಲುವ ಆಗ್ರಿ, ಮೀನುಗಾರ ಕೋಳಿ ಜನ, ಮಾಲ್ವಣಿ ಹೆಂಗಸರ ಡಬ್ಬಿಯಲ್ಲಿ ಕರ್ನಾಟಕದ ಹೊಲಗಳು ಎಷ್ಟಿವೆ ಎಂದು ಯಾರಾದರೂ ಲೆಕ್ಕ ಹಾಕಬೇಕು.

ಮೆಣಸನ್ನು ಒಂದು ಚಮಚ ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಗರಿಗರಿ ಆಗುವವರೆಗೆ ಹುರಿದು ತೆಗೆಯಿರಿ. ಕಪ್ಪಾಗಬಾರದು. ಆಮೇಲೆ ಎರಡು ದೊಡ್ಡ ಚಮಚ ಕೊತ್ತಂಬರಿ, ಒಂದು ಸಣ್ಣ ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಕೊನೆಗೆ ಕಾಲು ಚಮಚ ಮೆಂತೆ. ಒಂದೊಂದನ್ನೂ ಬೇರೆ ಬೇರೆ ಹುರಿಯಬೇಕು ಎನ್ನುವುದು ಹಳಬರ ಶಾಸ್ತ್ರ, ಅದಕ್ಕೆ ಕಾರಣವಿದೆ. ಕೊತ್ತಂಬರಿ ಪರಿಮಳ ಬಿಡುವ ಹೊತ್ತಿಗೆ ಮೆಂತೆ ಸುಟ್ಟು ಕಹಿಯಾಗಿರುತ್ತದೆ. ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದು ಹತ್ತು ನಿಮಿಷ ಉಳಿಸಿದವರು ಆ ಕಹಿಯನ್ನು ಊಟದ ಉದ್ದಕ್ಕೂ ತಿನ್ನಬೇಕಾಗುತ್ತದೆ.

ತೆಂಗಿನಕಾಯಿ ಒಂದು, ಎರಡು ಕಡಿ. ಒಂದು ಕಡಿಯನ್ನು ತುರಿದು, ಹೆಚ್ಚಿದ ಒಂದು ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ ಸೇರಿಸಿ ಹೊಂಬಣ್ಣ ಬರುವಷ್ಟು ಬಾಡಿಸಿ, ಹುರಿದ ಮಸಾಲೆ, ಅರಿಶಿನ, ಚೂರು ಹುಣಸೆಹಣ್ಣಿನ ಜೊತೆ ನುಣ್ಣಗೆ ರುಬ್ಬಲಿಕ್ಕೆ. ಇನ್ನೊಂದು ಕಡಿಯಿಂದ ಹಾಲು: ಮೊದಲು ಹಿಂಡಿದ ದಪ್ಪ ಹಾಲು ಒಂದು ಬಟ್ಟಲಲ್ಲಿ, ನೀರು ಹಾಕಿ ಮತ್ತೆ ಹಿಂಡಿದ ತೆಳು ಹಾಲು ಇನ್ನೊಂದರಲ್ಲಿ. ಕುಂದಾಪುರದ ಕಡೆಯವರು ರುಬ್ಬುವ ಬದಲು ಊರಿಂದ ತಂದ ಮಸಾಲೆ ಪುಡಿ ಹಾಕುವುದುಂಟು. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದು, ಮತ್ಸ್ಯಗಂಧ ಎಕ್ಸ್‌ಪ್ರೆಸ್ ಓಡತೊಡಗಿದ ಮೇಲೆ ಈ ಪುಡಿಯ ಡಬ್ಬಿಗಳು ಥಾಣೆ, ಪನ್ವೇಲ್ ನಿಲ್ದಾಣಗಳಲ್ಲಿ ಸಲೀಸಾಗಿ ಇಳಿಯುತ್ತವೆ. ಅದಕ್ಕೂ ಮೊದಲು ಹೆಚ್ಚಾಗಿ ರಾತ್ರಿ ಬಸ್ಸೇ ಗತಿ. ಪುಡಿಯಲ್ಲಿ ಮಾಡಿದ್ದು ಕೀಳು ಎನ್ನುವ ಮಂಗಳೂರಿನವರ ಹಮ್ಮು ನನಗಿಲ್ಲ. ಅದು ಬೇರೆ ಸಾರು, ಅಷ್ಟೇ.

ರುಬ್ಬುವ ಮಾತು ಬಂದಾಗ ಒಂದು ಕುತೂಹಲದ ಸಂಗತಿ ಹೇಳಿಬಿಡುತ್ತೇನೆ. ನಮ್ಮ ಕೋಳಿ ಸಾರಿನ ಹೊತ್ತನ್ನು ಮೊಟಕು ಮಾಡಿದ ಎರಡು ಯಂತ್ರಗಳಿಗೂ ಈ ಸೀಮೆಯ ನಂಟಿದೆ. 1960ರ ದಶಕದಲ್ಲಿ ಮುಂಬಯಿಯಲ್ಲಿ ಎಸ್. ಪಿ. ಮಾಥುರ್ ಎಂಬ ಇಂಜಿನಿಯರು, ಹೆಂಡತಿಯ ಜರ್ಮನ್ ಮಿಕ್ಸರ್ ಕೆಟ್ಟುಹೋದ ನೆಪದಲ್ಲಿ, ನಮ್ಮ ಗಟ್ಟಿ ಮಸಾಲೆಗಳಿಗೆ ಜಗ್ಗದ ಸುಮೀತ್ ಮಿಕ್ಸಿಯನ್ನು ರೂಪಿಸಿದರು. ಇನ್ನು 1959ರಲ್ಲಿ ಆರಂಭವಾದ ಹಾಕಿನ್ಸ್ ಕಂಪನಿಯ ಕುಕ್ಕರ್‌ಗಳು ತಯಾರಾಗುವ ಕಾರ್ಖಾನೆಗಳಲ್ಲಿ ಒಂದು ಇಲ್ಲೇ ಥಾಣೆಯಲ್ಲಿದೆ. ಕಡೆಯುವ ಕಲ್ಲನ್ನು ಮೂರನೇ ಮಾಳಿಗೆಗೆ ಹೊತ್ತು ತರಲಾಗದ, ತಂದರೂ ಕೆಳಗಿನ ಮನೆಯವರು ಸೈರಿಸದ ಈ ಬದುಕಿಗೆ ಇವೆರಡೂ ಬಂದದ್ದು ಉಪಕಾರವೇ. ಮಿಕ್ಸಿಯಲ್ಲಿ ರುಬ್ಬುವಾಗ ಒಂದೇ ಉಸಿರಿಗೆ ತಿರುಗಿಸದೆ, ಸ್ವಲ್ಪ ಸ್ವಲ್ಪ ನೀರು ಹಾಕಿ ನಿಲ್ಲಿಸಿ ನಿಲ್ಲಿಸಿ ರುಬ್ಬಿದರೆ ಮಸಾಲೆ ಬಿಸಿಯೇರಿ ಪರಿಮಳ ಕಳೆದುಕೊಳ್ಳುವುದಿಲ್ಲ.

ಕುಕ್ಕರಿನ ಮಾತು ಬೇರೆ. ಸೀಟಿ ಹಾಕುವ ಕುಕ್ಕರಿನೊಳಗೆ ಸುಮಾರು 120 ಡಿಗ್ರಿ ಬಿಸಿ. ಗಾವಠಿ, ಅಂದರೆ ಊರ ಕೋಳಿ, ಸಿಕ್ಕಿದ ದಿನ ಅದು ನಿಜವಾಗಿ ನೆರವಾಗುತ್ತದೆ: ಉಪ್ಪು, ಅರಿಶಿನ, ನೀರು ಇಷ್ಟೇ ಹಾಕಿ ಕೋಳಿಯನ್ನು ಮೆತ್ತಗೆ ಮಾಡಿಕೊಳ್ಳಿ, ಆ ನೀರನ್ನು ಚೆಲ್ಲದೆ ಸಾರಿಗೆ ಬಳಸಿ. ಮೊಟ್ಟೆ ನಿಲ್ಲಿಸಿದ ಮೇಲೆ ಮಾರುವ ಲೇಯರ್ ಕೋಳಿಗೂ ಇದೇ ಉಪಾಯ. ವರ್ಷ ದಾಟಿದ ಹಕ್ಕಿ ಅದು, ರುಚಿಯಲ್ಲಿ ಬ್ರಾಯ್ಲರಿಗಿಂತ ಎಷ್ಟೋ ಮೇಲು, ಬೆಲೆಯಲ್ಲಿ ಗಾವಠಿಗಿಂತ ಎಷ್ಟೋ ಕೆಳಗೆ. ನಮ್ಮ ಜನ ಅದನ್ನು ಏಕೆ ಮೂಸುವುದಿಲ್ಲವೋ ಕಾಣೆ. ಆದರೆ ಮಸಾಲೆಯನ್ನೂ ಕಾಯಿಹಾಲನ್ನೂ ಕುಕ್ಕರಿಗೆ ಸುರಿದು ಮುಚ್ಚಬೇಡಿ. ಆ ಬಿಸಿಗೆ ಕಾಯಿಹಾಲು ಒಡೆಯುತ್ತದೆ, ಮಸಾಲೆಯ ಪರಿಮಳ ಸೀಟಿಯ ದಾರಿಯಲ್ಲಿ ಪಕ್ಕದ ಮನೆಗೆ ಹೋಗುತ್ತದೆ.

ಅಂಗಡಿಯಲ್ಲಿ “ಭಾಭೀ, ಬೋನ್‌ಲೆಸ್ ದೂಂ ಕ್ಯಾ?” ಎಂದರೆ ಬೇಡವೆನ್ನಿ. ಸಾರಿಗೆ ಮೂಳೆ ಬೇಕು. ಕುತ್ತಿಗೆ, ಬೆನ್ನು ಕೂಡ ಬೇಕು. ಮಕ್ಕಳು ಮೂಳೆ ನೋಡಿ ಮುಖ ಸಿಂಡರಿಸುವ ಮನೆಗಳು ಈಗ ಹೆಚ್ಚುತ್ತಿವೆ. ಅವರಿಗೆ ಬೇರೆ ತುಂಡು ಬಡಿಸಬಹುದು, ಪಾತ್ರೆಗೆ ಮಾತ್ರ ಮೂಳೆ ಬೀಳಲೇಬೇಕು.

ಇನ್ನು ಒಲೆ. ದಪ್ಪ ತಳದ ಪಾತ್ರೆ, ಇದ್ದರೆ ಮಣ್ಣಿನ ಅಳಗೆ. ಎರಡು ಚಮಚ ತೆಂಗಿನೆಣ್ಣೆ, ಹೆಚ್ಚಿದ ಈರುಳ್ಳಿ, ಒಂದೆಸಳು ಕರಿಬೇವು. ಈರುಳ್ಳಿ ಬಾಡಿದ ಮೇಲೆ ರುಬ್ಬಿದ ಮಸಾಲೆ. ಇಲ್ಲಿಂದ ಮುಂದಿನದನ್ನು ಬಾನುಲಿಯಲ್ಲಿ ಹೇಳುವುದೇ ಸರಿ, ಏಕೆಂದರೆ ಇದು ಕಿವಿಯಿಂದ ಮಾಡುವ ಅಡುಗೆ. ಮಸಾಲೆ ಬಿದ್ದ ಕೂಡಲೇ ಪಚಪಚ ಎಂದು ಸಿಡಿಯುತ್ತದೆ. ಅದು ನೀರಿನ ಸದ್ದು. ಉರಿ ತಗ್ಗಿಸಿ, ಆಗಾಗ ತಳ ಕೆದಕಿ, ಬೇಕೆನಿಸಿದಾಗ ಎರಡು ಚಮಚ ತೆಳು ಕಾಯಿಹಾಲು ಹಾಕುತ್ತ ಹೋಗಿ. ಕಾಲು ಗಂಟೆಯಾದ ಮೇಲೆ ಪಚಪಚ ಕಡಿಮೆಯಾಗಿ, ಚುರ್ರ್ ಎನ್ನುವ ಸಣ್ಣ ಸದ್ದು ಏಳುತ್ತದೆ. ನೀರು ಹೋಗಿ ಎಣ್ಣೆ ಮಾತಾಡಲು ಶುರುವಾಯಿತು ಎಂದು ಅರ್ಥ. ಬ್ಯಾಡಗಿಯ ಕೆಂಪು ಎಣ್ಣೆಯಲ್ಲಿ ಕರಗುವ ಬಣ್ಣ, ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ ಬಿಡುವವರೆಗೆ ಸಾರು ಇಟ್ಟಿಗೆ ಬಣ್ಣದಲ್ಲೇ ಇರುತ್ತದೆ, ಬಿಟ್ಟ ಮೇಲೆ ಕೆಂಪಾಗುತ್ತದೆ. ಅರ್ಧ ಗಂಟೆ, ನಲವತ್ತು ನಿಮಿಷ ಇಲ್ಲಿ ಖರ್ಚು ಮಾಡಿ. ಹೋಟೆಲಿನವರು ಹತ್ತು ನಿಮಿಷದಲ್ಲಿ ಕೋಳಿ ತಂದಿಡುತ್ತಾರಲ್ಲ ಎಂದು ಕೇಳಬೇಡಿ. ಅವರು ಈ ಕೆಲಸವನ್ನು ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಮುಗಿಸಿಟ್ಟಿರುತ್ತಾರೆ. ಈ ಪ್ರಾಂತ್ಯದ ಎಷ್ಟೋ ಹೋಟೆಲುಗಳನ್ನು ನಡೆಸುವವರು ನಮ್ಮವರೇ. ದಿನವಿಡೀ ಇಡ್ಲಿ ಸಾಂಬಾರು ಬಡಿಸಿದ ಕೈಗಳೇ ರಜೆಯ ದಿನ ಮನೆಯಲ್ಲಿ ಕೋಳಿಗೆ ಮಸಾಲೆ ಅರೆಯುತ್ತವೆ.

ಆಮೇಲೆ ಕೋಳಿ, ಉಪ್ಪು, ಉಳಿದ ತೆಳು ಹಾಲು. ಒಂದು ಕುದಿ ಬಂದ ತಕ್ಷಣ ಉರಿ ಸಣ್ಣದು. ಈಗ ಕೇಳಬೇಕಾದ ಸದ್ದು ಕೊತಕೊತ ಅಲ್ಲ, ಗುಳು… ಗುಳು… ನಡುವೆ ಬಿಡುವಿರಬೇಕು. ಕೊತಕೊತ ಕುದಿಸಿದರೆ ಮಾಂಸ ಬಿಗಿದು ತನ್ನ ರಸವನ್ನೆಲ್ಲ ಹೊರಗೆ ಹಿಂಡಿಬಿಡುತ್ತದೆ. ಬ್ರಾಯ್ಲರಿಗೆ ಇಪ್ಪತ್ತೈದು ನಿಮಿಷ ಸಾಕು. ತುಂಡಿನ ಒಳಗೆ ಗುಲಾಬಿ ಬಣ್ಣ ಉಳಿಯಬಾರದು. ಬಿಸಿ ಅಳೆಯುವ ಕಡ್ಡಿ ಇದ್ದವರು 74 ಡಿಗ್ರಿ ನೋಡಿಕೊಳ್ಳಿ. ದಪ್ಪ ಕಾಯಿಹಾಲು ಎಲ್ಲದರ ಕೊನೆಗೆ, ಅದು ಬಿದ್ದ ಮೇಲೆ ಅಂಚಿನಲ್ಲಿ ಗುಳ್ಳೆ ಕಂಡರೆ ಮುಗಿಯಿತು, ಇಳಿಸಿ. ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟು, ಮುಚ್ಚಿ, ಅರ್ಧ ಗಂಟೆ ಮುಟ್ಟದೆ ಬಿಡಿ. ಹಸಿದವರಿರುವ ಮನೆಯಲ್ಲಿ ಈ ಅರ್ಧ ಗಂಟೆ ಕಷ್ಟದ್ದು.

ಕೋರಿ ರೊಟ್ಟಿಗೆ ಬಡಿಸುವುದಾದರೆ ಸಾರು ತುಸು ತೆಳ್ಳಗಿರಲಿ. ಕುಚ್ಚಿಲಕ್ಕಿಯ ಆ ಒಣ ಹಾಳೆಗಳು, ಇಲ್ಲಿನ ಮಂಗಳೂರು ಅಂಗಡಿಗಳಲ್ಲಿ ಪ್ಯಾಕೆಟಿನಲ್ಲಿ ಸಿಗುವಂಥವು, ಮುರಿದು ಹಾಕಿದ ಮೇಲೆ ರಸವನ್ನೆಲ್ಲ ಹೀರಿಬಿಡುತ್ತವೆ. ನೀರು ದೋಸೆಗೆ ಮಂದ ಸಾರು. ಕುಂದಾಪುರದವರ ಕಜ್ಜಾಯವೂ ಮಾಲ್ವಣದವರ ವಡೆಯೂ ಅಕ್ಕಿ, ಉದ್ದು, ಮೆಂತೆಯ ಉಬ್ಬಿದ ಕರಿದ ತಿಂಡಿಗಳೇ. ಕೋಳಿ ಸಾರಿಗೆ ಅದನ್ನು ಅದ್ದಿ ತಿನ್ನುವ ಬುದ್ಧಿ ಕರಾವಳಿಯ ಉದ್ದಕ್ಕೂ ಒಂದೇ. ಆಗ್ರಿಗಳದ್ದು ಅಕ್ಕಿಯ ಭಾಕ್ರಿ. ನವಿ ಮುಂಬಯಿ ಕಟ್ಟಲು 1970ರಲ್ಲಿ ಸಿಡ್ಕೋ ಸಂಸ್ಥೆ ಬಂದದ್ದು ಇವರ ಗದ್ದೆ, ಉಪ್ಪಿನಗರಗಳ ಮೇಲೆಯೇ. ಘನ್ಸೋಲಿ, ಸಾನ್ಪಾಡಾದ ಹಳೆಯ ಗಾವಠಾಣಗಳ ಓಣಿಯಲ್ಲಿ ಭಾನುವಾರ ನಡೆದರೆ ಎತ್ತರದ ಕಟ್ಟಡಗಳ ನಡುವೆ ಆ ಭಾಕ್ರಿ, ಆ ಸಾರು ಇನ್ನೂ ಬೇಯುತ್ತಿರುವುದು ತಿಳಿಯುತ್ತದೆ. ಕಲ್ಯಾಣದ ಕಡೆ ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿ, ವಿಜಯಪುರದ ನಮ್ಮ ಜನರದ್ದು ಇನ್ನೊಂದೇ ಬಗೆ: ಕೊಬ್ಬರಿ, ಎಳ್ಳು, ಮಸಾಲಿ ಖಾರ, ಜೊತೆಗೆ ಜೋಳದ ರೊಟ್ಟಿ. ಅದರ ಬಗ್ಗೆ ಮಾತಾಡಲು ಅವರನ್ನೇ ಕರೆಸಬೇಕು.

ವರ್ಷದಲ್ಲಿ ಒಂದು ದಿನ ಮಾತ್ರ ನಮ್ಮ ಒಲೆಗೂ ನೆರೆಮನೆಯ ಒಲೆಗೂ ಹೊಂದುವುದಿಲ್ಲ. ಆಷಾಢದ ಅಮಾವಾಸ್ಯೆ. ಮರಾಠಿ ನೆರೆಯವರಿಗೆ ಅದು ಗಟಾರಿ. ಮರುದಿನದಿಂದ ಶ್ರಾವಣ, ತಿಂಗಳಿಡೀ ಮಾಂಸವಿಲ್ಲ, ಆದ್ದರಿಂದ ಆ ಹೊತ್ತು ಕೋಳಿ ಅಂಗಡಿಯ ಸಾಲು ರಸ್ತೆ ತಿರುವಿನವರೆಗೆ. ಹೆಚ್ಚಿನ ವರ್ಷ ತುಳುನಾಡಿನವರಿಗೆ ಅದೇ ದಿನ ಆಟಿ ಅಮಾವಾಸ್ಯೆ: ನಸುಕಿನಲ್ಲಿ, ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಪಾಲೆ ಮರದ ತೊಗಟೆಯ ಕಷಾಯ, ಖಾಲಿ ಹೊಟ್ಟೆಗೆ. ನಾಲಗೆಯ ಬುಡದವರೆಗೂ ಇಳಿಯುವ ಕಹಿ. ಮೇಲೆ ಮೆಂತೆ ಗಂಜಿ. ಪಾಲೆ ಮರ ಇಲ್ಲಿನ ರಸ್ತೆ ಬದಿಯಲ್ಲೂ ಇದೆ, ಮರಾಠಿಯಲ್ಲಿ ಸಾತ್ವಿಣ್ ಎನ್ನುತ್ತಾರೆ. ಆದರೆ ಗುರುತು ಬಲ್ಲವರು ತಂದದ್ದಲ್ಲದೆ ಕುಡಿಯಬೇಡಿ, ತಪ್ಪು ಮರದ ತೊಗಟೆ ಪ್ರಾಣಕ್ಕೆ ಎರವಾದದ್ದುಂಟು. ನಮ್ಮ ಮನೆಯಲ್ಲಿ ಬೆಳಿಗ್ಗೆ ಕಷಾಯ, ಮಧ್ಯಾಹ್ನ ಕೆಳಗಿನ ಮನೆಯಿಂದ ಬಂದ ಕೋಂಬಡಿ ವಡೆ. ಎರಡು ಸಂಪ್ರದಾಯವನ್ನೂ ನಾವು ಬಿಟ್ಟಿಲ್ಲ.

ಕೊನೆಗೆ, ಉಳಿದ ಸಾರಿನ ಗತಿ. ಕಾಯಿಹಾಲಿನ ಸಾರು ಈ ಸೆಕೆಯಲ್ಲಿ ಬೇಗ ಹಳಸುತ್ತದೆ. ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು. ಮರುದಿನ ರುಚಿ ಹೆಚ್ಚು ಎನ್ನುವುದು ನಿಜ, ಆದರೆ ಮರುದಿನ ಸೋಮವಾರ. ನಮ್ಮ ಎಷ್ಟೋ ಮನೆಗಳಲ್ಲಿ ಅಂದು ಮಾಂಸ ಮುಟ್ಟುವುದಿಲ್ಲ, ಅಕ್ಕಪಕ್ಕದವರೂ ಮುಟ್ಟುವುದಿಲ್ಲ, ಹಾಗಾಗಿ ದಾಟಿಸುವ ದಾರಿಯೂ ಇಲ್ಲ. ಮಂಗಳವಾರಕ್ಕೆ ಇಡುವವರು ತುಂಡುಗಳನ್ನು ರಸದಲ್ಲಿ ಮುಳುಗಿಸಿ, ಮುಚ್ಚಿದ ಡಬ್ಬಿಯಲ್ಲಿ ಇಡಿ. ಬೇಕಾದಷ್ಟನ್ನೇ ತೆಗೆದು, ಒಳಗಿನ ತುಂಡೂ ಚೆನ್ನಾಗಿ ಬಿಸಿಯಾಗುವಂತೆ ಕಾಯಿಸಿ. ಡಬ್ಬಿಯನ್ನೇ ಹೊರಗೆ ತೆಗೆದು ಬಿಸಿ ಮಾಡಿ ಮತ್ತೆ ಒಳಗಿಡುವ ಅಭ್ಯಾಸ ಬೇಡ. ಎರಡು ದಿನ ದಾಟಿದ್ದನ್ನು ಚೆಲ್ಲಿಬಿಡಿ, ಅತ್ತೆಯವರಿಗೆ ಹೇಳಬೇಡಿ.